ಯಾರ ಮಾತು ನಂಬುವುದು? ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಲಸಿಕೆಯ ಪ್ರಚಾರ: ಒಂದು ಸಮೀಕ್ಷೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿದ ಸೊಮಾಲಿ ಕುಟುಂಬಗಳ ಎರಡು ವರ್ಷದ ಮಕ್ಕಳಲ್ಲಿ 2004ರಲ್ಲಿ ಶೇ. 92ರಷ್ಟು ಮಕ್ಕಳಿಗೆ ದಡಾರದ ಲಸಿಕೆ ಆಗಿತ್ತು. 2014ರ ಹೊತ್ತಿಗೆ ಆ ಪ್ರಮಾಣ ಶೇ. 42ಕ್ಕೆ ಇಳಿಯಿತು. ಸರಿಸುಮಾರು ಅದೇ ವರ್ಷಗಳಲ್ಲಿ ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಪೋಲಿಯೊ ಹನಿ ತಂದವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಮನೆಗಳು ಕ್ರಮೇಣ ಬಾಗಿಲು ತೆರೆದವು. ಕಾಡು ಪೋಲಿಯೊ ವೈರಸ್‌ನಿಂದ ಭಾರತದಲ್ಲಿ ಕೊನೆಯ ಮಗು ಕಾಯಿಲೆ ಬಿದ್ದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ.

ಎರಡೂ ಕಡೆ ಇದ್ದವರು ಅಲ್ಪಸಂಖ್ಯಾತರು. ಎರಡೂ ಕಡೆ ಲಸಿಕೆಯ ಬಗ್ಗೆ ಭಯವಿತ್ತು: ಒಂದೆಡೆ ಮಗುವಿಗೆ ಆಟಿಸಂ ಬರುತ್ತದೆಂದು, ಇನ್ನೊಂದೆಡೆ ಸಂತಾನವೇ ನಿಂತುಹೋಗುತ್ತದೆಂದು. ಒಂದು ಕಡೆ ಭಯ ಬೆಳೆಯಿತು, ಇನ್ನೊಂದು ಕಡೆ ಕರಗಿತು. ಇದರಲ್ಲಿ ಪ್ರಚಾರದ ಪಾತ್ರವೆಷ್ಟು? ಸಮುದಾಯದ ಭಾಷೆ, ನಂಬಿಕೆ, ನೆನಪುಗಳಿಗೆ ಹೊಂದುವಂತೆ ಕಟ್ಟಿದ ಆರೋಗ್ಯ ಜಾಹೀರಾತು ನಿಜಕ್ಕೂ ಮನಸ್ಸು ಬದಲಿಸುತ್ತದೆಯೇ, ಅಥವಾ ಬೇರೆ ಕಾರಣಗಳಿಂದ ಬಂದ ಬದಲಾವಣೆಯ ಯಶಸ್ಸನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತದೆಯೇ? ಸಾರ್ವಜನಿಕ ಆರೋಗ್ಯ, ಸಂವಹನ, ಅರ್ಥಶಾಸ್ತ್ರ, ಮಾನವಶಾಸ್ತ್ರ ಎಲ್ಲವೂ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಆ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಮೈಸೂರಿನ ಅರಮನೆಯಿಂದ ಪೋಲಿಯೊ ಬೂತಿನವರೆಗೆ

ಜನರ ನಂಬಿಕೆಗೆ ಒಗ್ಗುವಂತೆ ಲಸಿಕೆಯನ್ನು ಮುಂದಿಡುವ ಯತ್ನ ಲಸಿಕೆಯಷ್ಟೇ ಹಳೆಯದು. ಎಡ್ವರ್ಡ್ ಜೆನ್ನರ್‌ನ ಸಿಡುಬಿನ ಲಸಿಕೆ 1802ರಲ್ಲಿ ಬೊಂಬಾಯಿಗೆ ತಲುಪಿತು. ಮೂರು ವರ್ಷದ ಬಳಿಕ, 1805ರಲ್ಲಿ, ಐರಿಶ್ ಕಲಾವಿದ ಥಾಮಸ್ ಹಿಕಿ ಮೈಸೂರಿನಲ್ಲಿ ಮೂವರು ಸ್ತ್ರೀಯರ ಚಿತ್ರ ಬರೆದ. ಬಹಳ ಕಾಲ ಅವರನ್ನು ನರ್ತಕಿಯರೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ಬೇರೊಂದು ವಾದ ಮುಂದಿಟ್ಟರು: ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ರಾಣಿಯರು; ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು ಕಾಣಿಸಲು; ಇನ್ನೊಬ್ಬಾಕೆಯ ಮೂಗಿನ ಕೆಳಗಿನ ಬಿಳುಪು ಹಳೆಯ ಪದ್ಧತಿಯಲ್ಲಿ ಸಿಡುಬಿನ ಹೊಪ್ಪಳೆಯ ಪುಡಿ ಏರಿಸಿಕೊಂಡದ್ದರ ಗುರುತು. ಈ ಓದು ಸರಿಯಾದರೆ ದಕ್ಷಿಣ ಭಾರತದ ಮೊದಮೊದಲ ಲಸಿಕೆ ಜಾಹೀರಾತುಗಳಲ್ಲೊಂದು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಹೊರಗಿನಿಂದ ಬಂದ ಆಡಳಿತ, ಹೊರಗಿನ ಔಷಧ, ಆದರೆ ಜನ ನಂಬುವ ಮುಖ. ಮುಂದಿನ ಇನ್ನೂರು ವರ್ಷದ ಪ್ರಚಾರ ತಂತ್ರದ ಬೀಜ ಇದರಲ್ಲೇ ಇದೆ.

ಅದೇ ಕಾಲದಲ್ಲಿ ಈ ತಂತ್ರದ ಕೆಡುಕೂ ಕಾಣಿಸಿಕೊಂಡಿತು. ಲಸಿಕೆ ಭಾರತದ್ದೇ ಪ್ರಾಚೀನ ವಿದ್ಯೆಯೆಂದು ನಂಬಿಸಲು ಹೊಸದಾಗಿ ಕಟ್ಟಿದ ಸಂಸ್ಕೃತ ಪಾಠವನ್ನು ಹಳೆಯದೆಂದು ಚಲಾವಣೆಗೆ ಬಿಟ್ಟದ್ದನ್ನು ವಿದ್ವಾಂಸ ಡೊಮಿನಿಕ್ ವುಯಾಸ್ತಿಕ್ 1987ರಲ್ಲಿ ಬಯಲಿಗೆಳೆದರು. ಉದ್ದೇಶ ಒಳ್ಳೆಯದಿತ್ತು, ದಾರಿ ಮೋಸದ್ದು. ಜನರ ಸಂಸ್ಕೃತಿಯನ್ನು ಗೌರವಿಸುವುದು ಎಲ್ಲಿ ಮುಗಿದು ಅದನ್ನು ಬಳಸಿಕೊಳ್ಳುವುದು ಎಲ್ಲಿ ಶುರುವಾಗುತ್ತದೆ ಎಂಬ ನೈತಿಕ ಪ್ರಶ್ನೆ ಅಂದಿನಿಂದ ಈ ಕ್ಷೇತ್ರದ ಬೆನ್ನು ಬಿಟ್ಟಿಲ್ಲ.

ಇಪ್ಪತ್ತನೆಯ ಶತಮಾನದ ದೊಡ್ಡ ಆಂದೋಲನಗಳಲ್ಲಿ ಈ ಸೂಕ್ಷ್ಮ ಮರೆಯಾಯಿತು. ಇಡೀ ದೇಶಕ್ಕೆ ಒಂದೇ ಘೋಷಣೆ, ಒಂದೇ ಪೋಸ್ಟರ್. 1995ರಲ್ಲಿ ಭಾರತದ ಪಲ್ಸ್ ಪೋಲಿಯೊ ಆರಂಭವಾದದ್ದೂ ಹಾಗೆಯೇ. ಎರಡು ಹನಿಯ ಘೋಷಣೆಯನ್ನು ಅಮಿತಾಭ್ ಬಚ್ಚನ್ ದೇಶದ ಮೂಲೆ ಮೂಲೆಗೆ ಮುಟ್ಟಿಸಿದರು. ಆದರೂ 2002ರಲ್ಲಿ ದೇಶದಲ್ಲಿ 1,600 ಪೋಲಿಯೊ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದವು. ಕಾಯಿಲೆ ಬಿದ್ದ ಮಕ್ಕಳಲ್ಲಿ ಮುಸ್ಲಿಂ ಮಕ್ಕಳ ಪಾಲು ಜನಸಂಖ್ಯೆಯಲ್ಲಿ ಆ ಸಮುದಾಯಕ್ಕಿರುವ ಪಾಲಿಗಿಂತ ಬಹಳ ಹೆಚ್ಚಿತ್ತು. ಎಲ್ಲರಿಗೂ ಕೇಳಿಸುವ ದನಿ ಎಲ್ಲರಿಗೂ ಒಪ್ಪಿಗೆಯಾಗುವುದಿಲ್ಲ ಎಂಬುದನ್ನು ಆಡಳಿತ ಒಪ್ಪಿಕೊಂಡದ್ದು ಆಗ.

ಮೊದಲ ಉತ್ತರ: ಗೊತ್ತಿಲ್ಲದವರಿಗೆ ತಿಳಿಸಿ

ಎಲ್ಲಕ್ಕಿಂತ ಹಳೆಯ ಪಂಥದ ತರ್ಕ ಸರಳ. ಜನ ಲಸಿಕೆ ಬೇಡವೆನ್ನುವುದು ತಿಳಿವಳಿಕೆ ಸಾಲದೆ. ತಿಳಿಸಿ ಹೇಳಿದರೆ ಹಾಕಿಸಿಕೊಳ್ಳುತ್ತಾರೆ. ಈ ದೃಷ್ಟಿಯಲ್ಲಿ ಸಂಸ್ಕೃತಿಗೆ ಹೊಂದಿಸುವುದೆಂದರೆ ಅನುವಾದ ಮಾಡಿಸುವುದು, ಅಷ್ಟೇ.

ಅನುವಾದವನ್ನು ಹಗುರವಾಗಿ ಕಾಣುವಂತಿಲ್ಲ. ಕರ್ನಾಟಕವನ್ನೇ ನೋಡಿ: ಮನೆಯೊಳಗೆ ಉರ್ದು, ಲಂಬಾಣಿ, ಬ್ಯಾರಿ, ತುಳು, ಕೊಂಕಣಿ ಆಡುವವರಿಗೆ ಕಚೇರಿ ಕನ್ನಡದ ಕರಪತ್ರ ಎಷ್ಟು ಮುಟ್ಟುತ್ತದೆ ಎಂಬುದು ನಿಜವಾದ ಪ್ರಶ್ನೆ. ತಿಳಿಯದ ಭಾಷೆಯಲ್ಲಿ ಹೇಳಿದ್ದು ಹೇಳದಿದ್ದುದಕ್ಕೆ ಸಮ.

ಆದರೆ ತಿಳಿದದ್ದಕ್ಕೂ ಮಾಡುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಬ್ರೆಂಡನ್ ನೈಹಾನ್ ಮತ್ತು ಸಂಗಡಿಗರು ಅಮೆರಿಕದ 1,759 ಪೋಷಕರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂಬ ಮಾಹಿತಿ ಓದಿದವರು ಆ ಮಾತನ್ನೇನೋ ಒಪ್ಪಿದರು. ಆದರೆ ಮೊದಲೇ ಲಸಿಕೆಯ ಬಗ್ಗೆ ಮುನಿಸಿದ್ದವರಲ್ಲಿ, ಮುಂದೆ ಮಗುವಿಗೆ ಹಾಕಿಸುವ ಇಚ್ಛೆ ಹೆಚ್ಚುವ ಬದಲು ಕುಗ್ಗಿತು. ಕಾಯಿಲೆ ಬಿದ್ದ ಮಕ್ಕಳ ಚಿತ್ರ ತೋರಿಸಿ ಹೆದರಿಸುವುದೂ ಫಲ ಕೊಡಲಿಲ್ಲ. ಒಂದು ತಪ್ಪು ಕಲ್ಪನೆ ಹೋದರೂ ಅದನ್ನು ಹಿಡಿದು ನಿಲ್ಲಿಸಿದ್ದ ಅನುಮಾನ ಹೋಗುವುದಿಲ್ಲ; ಅದು ಇನ್ನೊಂದು ಕಾರಣ ಹುಡುಕಿಕೊಳ್ಳುತ್ತದೆ. ತಿಳಿವಳಿಕೆಯ ಪಂಥ ವಿವರಿಸಲಾಗದೆ ನಿಲ್ಲುವುದು ಈ ಅನುಮಾನದ ಮುಂದೆ.

ಎರಡನೆಯ ಉತ್ತರ: ಹೊರಮೈ ಮತ್ತು ಒಳತಿರುಳು

ಸಂಸ್ಕೃತಿಗೆ ಹೊಂದಿಸುವುದೆಂದರೇನು ಎಂಬುದನ್ನು ಶಾಸ್ತ್ರೀಯವಾಗಿ ಬಿಡಿಸಿಟ್ಟ ಕೀರ್ತಿ ಕೆನ್ ರೆಸ್ನಿಕೋವ್ ಮತ್ತು ಅವರ ಸಹೋದ್ಯೋಗಿಗಳದು. 1999ರ ಲೇಖನದಲ್ಲಿ ಅವರು ಎರಡು ಪದರಗಳನ್ನು ಗುರುತಿಸಿದರು. ಭಾಷೆ, ಉಡುಗೆ, ಸಂಗೀತ, ಮುಖಗಳು ಹೊರಮೈ. ಆ ಜನ ಕಾಯಿಲೆಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ, ಮನೆಯಲ್ಲಿ ನಿರ್ಧಾರ ಯಾರದು, ದೇವರು, ದೇಹ, ಸರ್ಕಾರ ಇವುಗಳ ಜೊತೆ ಅವರ ಸಂಬಂಧವೇನು ಎಂಬುದೆಲ್ಲ ಒಳತಿರುಳು. ಹೊರಮೈ ಹೊಂದಿದರೆ ಜನ ತಿರುಗಿ ನೋಡುತ್ತಾರೆ. ಒಳತಿರುಳು ಹೊಂದಿದರೆ ಮಾತ್ರ ಒಪ್ಪುತ್ತಾರೆ ಎಂಬುದು ಅವರ ನಿಲುವು. ಮ್ಯಾಥ್ಯೂ ಕ್ರೂಟರ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ವಿಸ್ತರಿಸಿ ಐದು ಬಗೆ ಮಾಡಿದರು: ನೋಟಕ್ಕೆ ಹೊಂದಿಸುವುದು, ಆ ಸಮುದಾಯದ್ದೇ ಅಂಕಿಅಂಶ ಮುಂದಿಡುವುದು, ಭಾಷೆಗೆ ಹೊಂದಿಸುವುದು, ಆ ಜನರನ್ನೇ ಕೆಲಸಕ್ಕೆ ಸೇರಿಸಿಕೊಳ್ಳುವುದು, ಅವರ ಮೌಲ್ಯಗಳ ಒಳಗಿನಿಂದಲೇ ಮಾತಾಡುವುದು.

ಈ ವಿಂಗಡಣೆಯಿಂದ ಅನೇಕ ಸೋಲುಗಳ ಕಾರಣ ತಿಳಿಯುತ್ತದೆ. ಟೋಪಿ, ಗಡ್ಡ, ಬುರ್ಖಾ ಬರೆದ ಪೋಸ್ಟರಿನಲ್ಲಿ ಹಳೆಯ ಘೋಷಣೆಯನ್ನೇ ಅಂಟಿಸಿದರೆ ಅದು ವೇಷವಾಗುತ್ತದೆ. ಲಸಿಕೆ ಹಲಾಲೋ ಅಲ್ಲವೋ, ರಂಜಾನ್ ಉಪವಾಸದಲ್ಲಿ ಚುಚ್ಚುಮದ್ದು ತೆಗೆದುಕೊಳ್ಳಬಹುದೋ ಬಾರದೋ ಎಂಬ ಪ್ರಶ್ನೆ ಕೇಳಿದವರಿಗೆ ನಟನ ನಗುಮುಖ ಉತ್ತರವಲ್ಲ. 2021ರ ರಂಜಾನ್ ಹೊತ್ತಿಗೆ ಬ್ರಿಟನ್ನಿನ ಮುಸ್ಲಿಂ ವೈದ್ಯರ ಸಂಘ ಕೊರೊನಾ ಲಸಿಕೆಯಿಂದ ಉಪವಾಸ ಮುರಿಯುವುದಿಲ್ಲವೆಂದು ಸ್ಪಷ್ಟಪಡಿಸಿದ್ದು ಒಳತಿರುಳಿನ ಕೆಲಸ. ಅದು ಜನರಲ್ಲಿದ್ದ ಪ್ರಶ್ನೆಯನ್ನೇ ಎತ್ತಿಕೊಂಡು ಉತ್ತರಿಸಿತು.

ಆದರೆ ಪ್ರಯೋಗಕ್ಕೆ ಒಡ್ಡಿದಾಗ ಈ ಪಂಥಕ್ಕೂ ಪೂರ್ಣ ಅಂಕ ಸಿಗುವುದಿಲ್ಲ. ಕೊರೊನಾ ಕಾಲದಲ್ಲಿ ಅರ್ಥಶಾಸ್ತ್ರಜ್ಞೆ ಮಾರ್ಸೆಲಾ ಅಲ್ಸನ್ ಮತ್ತು ಸಂಗಡಿಗರು ಅಮೆರಿಕದ ಕಪ್ಪು ಹಾಗೂ ಲ್ಯಾಟಿನೊ ಜನರಿಗೆ ವೈದ್ಯರ ವಿಡಿಯೊ ಸಂದೇಶಗಳನ್ನು ತೋರಿಸಿದರು. ವೈದ್ಯರ ಮಾತು ಎಲ್ಲರ ತಿಳಿವಳಿಕೆಯನ್ನೂ ಹೆಚ್ಚಿಸಿತು. ವೈದ್ಯ ತಮ್ಮವನೇ ಆಗಿದ್ದರೆ ಕಪ್ಪು ಜನರಲ್ಲಿ ಇನ್ನಷ್ಟು ತಿಳಿಯುವ ಕುತೂಹಲ ಸ್ವಲ್ಪ ಹೆಚ್ಚಿತು. ಲ್ಯಾಟಿನೊ ಜನರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಹೊಂದಿಸಿದ ಸಂದೇಶ ಎಲ್ಲ ಅಲ್ಪಸಂಖ್ಯಾತರಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆಂಬ ಊಹೆಗೆ ಇದು ಪೆಟ್ಟು ಕೊಟ್ಟಿತು.

ಮೂರನೆಯ ಉತ್ತರ: ಹೇಳಿದ್ದೇನು ಅಲ್ಲ, ಹೇಳಿದವರು ಯಾರು

ಸಂದೇಶವನ್ನು ಪಕ್ಕಕ್ಕಿಟ್ಟು ಸಂದೇಶ ತರುವವರನ್ನು ನೋಡಿ ಎನ್ನುವುದು ಮೂರನೆಯ ಪಂಥ. ಇದರ ಅತಿ ದೊಡ್ಡ ಪ್ರಯೋಗಶಾಲೆ ಉತ್ತರ ಪ್ರದೇಶ. 2000ದ ದಶಕದ ಮೊದಲ ವರ್ಷಗಳಲ್ಲಿ ಯುನಿಸೆಫ್ ಬೆಂಬಲದೊಂದಿಗೆ ಕಟ್ಟಿದ ಸಮುದಾಯ ಸಂಘಟನಾ ಜಾಲದಲ್ಲಿ ಸಾವಿರಾರು ಸ್ಥಳೀಯ ಕಾರ್ಯಕರ್ತರಿದ್ದರು, ಬಹುಪಾಲು ಮಹಿಳೆಯರು. ಅವರು ಓಣಿಯ ಪ್ರತಿ ಮನೆಯ ಪ್ರತಿ ಮಗುವಿನ ಲೆಕ್ಕ ಇಟ್ಟರು. ಮಸೀದಿಗಳ ಧ್ವನಿವರ್ಧಕದಲ್ಲಿ ಪೋಲಿಯೊ ದಿನದ ಪ್ರಕಟಣೆ ಮೊಳಗಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳು ಜೊತೆಗೂಡಿದವು. ಧರ್ಮಗುರುಗಳ ಮನವಿಗಳು ಅಚ್ಚಾಗಿ ಮನೆಮನೆಗೆ ಹೋದವು. ಓಣಿಯ ಮಕ್ಕಳೇ ಗುಂಪು ಕಟ್ಟಿಕೊಂಡು ಕೂಗುತ್ತಾ ಎಳೆಯ ಮಕ್ಕಳನ್ನು ಬೂತಿಗೆ ಕರೆತಂದರು. ಬಚ್ಚನ್ನರ ದನಿ ದೂರದರ್ಶನದಲ್ಲಿ ಮುಂದುವರಿಯಿತು. ಬಾಗಿಲು ತೆರೆಸಿದ್ದು ಮಾತ್ರ ಪಕ್ಕದ ಮನೆಯ ಹೆಂಗಸು ಎಂಬುದು ಈ ಪಂಥದ ವಾದ.

ಅಲ್ಸನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಕಪ್ಪು ಪುರುಷರ ನಡುವೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದಕ್ಕೆ ಬಲ ಕೊಡುತ್ತದೆ, ಜಾಹೀರಾತುಗಾರರಿಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಕಪ್ಪು ವೈದ್ಯರು ಎದುರು ಕುಳಿತು ಮಾತಾಡಿದಾಗ ಫ್ಲೂ ಚುಚ್ಚುಮದ್ದು ಸೇರಿದಂತೆ ಮುಂಜಾಗ್ರತೆಯ ಸೇವೆಗಳನ್ನು ಒಪ್ಪಿದವರ ಸಂಖ್ಯೆ ಏರಿತು. ಆದರೆ ಮಾತುಕತೆಗೆ ಮುಂಚೆ, ವೈದ್ಯರ ಫೋಟೊ ಮಾತ್ರ ತೋರಿಸಿ ಕೇಳಿದಾಗ, ಆ ವ್ಯತ್ಯಾಸ ಇರಲಿಲ್ಲ. ತಮ್ಮವರ ಮುಖ ಕಂಡ ಮಾತ್ರಕ್ಕೆ ಅಲ್ಲ, ಅವರೊಡನೆ ಮಾತಾಡಿದ ಮೇಲೆ ಮನಸ್ಸು ಬದಲಾಯಿತು. ಪೋಸ್ಟರು ಮುಖವನ್ನಷ್ಟೇ ಕೊಡಬಲ್ಲದು. ತಿರುಗಿ ಪ್ರಶ್ನೆ ಕೇಳುವ ಅವಕಾಶವನ್ನು ಅದು ಕೊಡಲಾರದು.

ಈ ಪಂಥಕ್ಕೂ ತೊಡಕಿದೆ. ಸಮುದಾಯದ ಪರವಾಗಿ ಮಾತಾಡುವವರು ಯಾರೆಂದು ಆರಿಸುವವರು ಯಾರು? ಧರ್ಮಗುರುವಿಗೆ ಮೈಕು ಕೊಟ್ಟರೆ ಮನೆಯೊಳಗಿನ ತಾಯಂದಿರ ಪ್ರಶ್ನೆಗೆ ಜಾಗವಿರುತ್ತದೆಯೇ? ಸರ್ಕಾರದ ಪರ ಮಾತಾಡಿದ ಮುಖಂಡ ಮುಂದೊಂದು ದಿನ ಸಮುದಾಯದಲ್ಲೇ ಅನುಮಾನಕ್ಕೆ ಗುರಿಯಾಗುವುದಿಲ್ಲವೇ?

ನಾಲ್ಕನೆಯ ಉತ್ತರ: ಹಳೆಯ ಗಾಯದ ಲೆಕ್ಕ ಮೊದಲು

ಭಯ ಮೂಢನಂಬಿಕೆಯೆಂದು ತಿಳಿಯಬೇಡಿ, ಅದೊಂದು ನೆನಪು ಎನ್ನುವುದು ನಾಲ್ಕನೆಯ ಪಂಥ. ಲಂಡನ್ನಿನಲ್ಲಿ ಲಸಿಕೆ ವಿಶ್ವಾಸದ ಅಧ್ಯಯನ ಯೋಜನೆಯನ್ನು ಕಟ್ಟಿದ ಮಾನವಶಾಸ್ತ್ರಜ್ಞೆ ಹೈಡಿ ಲಾರ್ಸನ್ ವದಂತಿಗಳನ್ನು ಹೀಗೆ ಓದಲು ಕಲಿಸಿದವರಲ್ಲಿ ಪ್ರಮುಖರು. ವದಂತಿಯನ್ನು ಸುಳ್ಳೆಂದು ತಳ್ಳಿಹಾಕುವ ಮೊದಲು ಅದು ಯಾವ ಆತಂಕವನ್ನು ಹೊತ್ತಿದೆಯೆಂದು ಕೇಳಬೇಕು ಎಂಬುದು ಅವರ ಕೆಲಸದ ಸಾರ.

ಪೋಲಿಯೊ ಹನಿಯಿಂದ ಬಂಜೆತನ ಬರುತ್ತದೆಂಬ ಮಾತು ಪಶ್ಚಿಮ ಉತ್ತರ ಪ್ರದೇಶದಲ್ಲಿ ಗಾಳಿಯಿಂದ ಹುಟ್ಟಲಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಹಲವೆಡೆ ಬಲವಂತದಿಂದ. ಮುಜಫ್ಫರನಗರದಲ್ಲಿ ಅದನ್ನು ವಿರೋಧಿಸಿದವರ ಮೇಲೆ ಗೋಲಿಬಾರ್ ಆಯಿತು. ಅದೇ ಸೀಮೆಗೆ ಕಾಲು ಶತಮಾನದ ನಂತರ ಅದೇ ಸರ್ಕಾರ, ಬೇರೆ ಯಾವ ಸೌಲಭ್ಯವನ್ನೂ ತಾರದೆ, ಹನಿಯನ್ನು ಮಾತ್ರ ಪುಕ್ಕಟೆಯಾಗಿ, ಮತ್ತೆ ಮತ್ತೆ ಬಾಗಿಲಿಗೆ ತಂದಾಗ ಅನುಮಾನ ಬರದಿರುವುದೇ ಆಶ್ಚರ್ಯ.

ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ತಗುಲಿದ್ದ 399 ಕಪ್ಪು ಪುರುಷರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆಂದು ಸರ್ಕಾರಿ ವೈದ್ಯರು ನೋಡುತ್ತಾ ಕುಳಿತರು. ಇದು ಬಯಲಾದ ಮೇಲೆ ಕಪ್ಪು ಪುರುಷರಲ್ಲಿ ವೈದ್ಯರ ಮೇಲಿನ ಅಪನಂಬಿಕೆ ಮಾತ್ರವಲ್ಲ, ಸಾವಿನ ಪ್ರಮಾಣವೂ ಏರಿತೆಂದು ಅಲ್ಸನ್ ಮತ್ತು ಮರಿಯಾನ್ ವಾನಮೇಕರ್ 2018ರಲ್ಲಿ ವಾದಿಸಿದರು. 2011ರಲ್ಲಿ ಬಿನ್ ಲಾಡೆನ್‌ನನ್ನು ಪತ್ತೆ ಹಚ್ಚಲು ಅಮೆರಿಕದ ಗೂಢಚಾರ ಸಂಸ್ಥೆ ಪಾಕಿಸ್ತಾನದ ಅಬೊಟಾಬಾದಿನಲ್ಲಿ ಲಸಿಕೆ ಶಿಬಿರದ ಸೋಗು ಹಾಕಿತು. ಅನಂತರ ಆ ದೇಶದ ಕೆಲವು ಜಿಲ್ಲೆಗಳಲ್ಲಿ ಮಕ್ಕಳ ಲಸಿಕೆ ಗಣನೀಯವಾಗಿ ಕುಸಿಯಿತೆಂದು ಅಧ್ಯಯನಗಳು ಹೇಳುತ್ತವೆ. ಅಂಥ ನೆನಪು ನಮಗೂ ದೂರದ್ದಲ್ಲ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹಾಕಿಸಿಕೊಂಡ ಬಾಲಕಿಯರಲ್ಲಿ ಅನೇಕರು ಆದಿವಾಸಿಗಳು; ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಕೆಲವು ಬಾಲಕಿಯರು ಸತ್ತಾಗ ಯೋಜನೆ ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ವಿಚಾರಣೆ ಹೇಳಿತು. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು.

ಇಂಥ ಕಡೆ ಜಾಹೀರಾತು ಏನು ಮಾಡಬೇಕು? ನೈಜೀರಿಯಾದ ಕಾನೋ ಒಂದು ದಾರಿ ತೋರಿಸಿತು. ಅಲ್ಲಿ 2003ರಲ್ಲಿ ಪೋಲಿಯೊ ಹನಿಗೆ ಬಹಿಷ್ಕಾರ ಬಿತ್ತು. ಅದು ಮುಗಿದದ್ದು 2004ರಲ್ಲಿ, ಲಸಿಕೆಯನ್ನು ಪರೀಕ್ಷೆ ಮಾಡಿಸಿ, ಮುಸ್ಲಿಂ ಬಹುಸಂಖ್ಯೆಯ ಇಂಡೊನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಲು ಒಪ್ಪಿದ ಮೇಲೆ. ಅಲ್ಲಿ ಹೊಂದಿಸಿಕೊಂಡದ್ದು ಸಂದೇಶವನ್ನಲ್ಲ, ಲಸಿಕೆ ಎಲ್ಲಿಂದ ಬರುತ್ತದೆ ಎಂಬುದನ್ನೇ. ಈ ಪಂಥಕ್ಕೂ ಟೀಕಾಕಾರರಿದ್ದಾರೆ. ಪ್ರತಿ ಮಾತಿಗೂ ಟಸ್ಕೀಗಿಯನ್ನು ಎತ್ತಿದರೆ ಇವತ್ತು ಆಸ್ಪತ್ರೆಯಲ್ಲಿ ನಡೆಯುವ ತಾರತಮ್ಯ ಮರೆಯಾಗುತ್ತದೆ, ಅಪನಂಬಿಕೆ ಹಿಂದಿನವರ ಹಳೆ ರೋಗವೆಂಬಂತೆ ಕಾಣುತ್ತದೆ ಎಂಬುದು ಅವರ ಆಕ್ಷೇಪ.

ಐದನೆಯ ಉತ್ತರ: ಮನಸ್ಸು ಬಿಡಿ, ದಾರಿ ನೋಡಿ

ಇನ್ನೊಂದು ಪಂಥಕ್ಕೆ ಪ್ರಚಾರದ ಮೇಲೆ ನಂಬಿಕೆಯೇ ಕಡಿಮೆ. ಜನ ಲಸಿಕೆ ಹಾಕಿಸದಿರಲು ಮುಖ್ಯ ಕಾರಣ ಸೇವೆ ಕೈಗೆಟುಕದಿರುವುದು. ಅದನ್ನು ಸರಿಪಡಿಸದೆ ಮನವೊಲಿಸಲು ಹೊರಡುವುದು ಸಂತ್ರಸ್ತರ ಮೇಲೇ ತಪ್ಪು ಹೊರಿಸಿದಂತೆ ಎನ್ನುತ್ತದೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಲಸಿಕೆ ಹಿಂಜರಿಕೆಗೆ ವಿಶ್ವಾಸದ ಕೊರತೆ, ಉದಾಸೀನ, ಅನುಕೂಲದ ಕೊರತೆ ಎಂಬ ಮೂರು ಕಾರಣ ಕೊಟ್ಟಿತ್ತು. ಜಾಹೀರಾತು ಮೊದಲ ಎರಡನ್ನು ಮುಟ್ಟಬಹುದು. ಮೂರನೆಯದು ಅದರ ಕೈಮೀರಿದ್ದು.

ರಾಜಸ್ಥಾನದ ಉದಯಪುರದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪಂಥದ ಮುಖ್ಯ ಸಾಕ್ಷಿ. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಆದ ಮಕ್ಕಳು ಶೇ. 6, ತಪ್ಪದೆ ಶಿಬಿರ ನಡೆಸಿದಲ್ಲಿ ಶೇ. 18, ಶಿಬಿರದ ಜೊತೆಗೆ ಬಂದವರಿಗೆ ಬೇಳೆ, ಎಲ್ಲ ಲಸಿಕೆ ಮುಗಿಸಿದವರಿಗೆ ಊಟದ ತಟ್ಟೆ ಕೊಟ್ಟಲ್ಲಿ ಶೇ. 39. ಆರು ಪಟ್ಟು ಏರಿಕೆ.

ಪೋಲಿಯೊ ಗೆಲುವನ್ನೂ ಈ ಪಂಥ ಬೇರೆಯಾಗಿ ಓದುತ್ತದೆ. ಉತ್ತರ ಪ್ರದೇಶದ ಹಲವೆಡೆ ಜನರ ಬೇಡಿಕೆ ಸ್ಪಷ್ಟವಿತ್ತು: ಮೊದಲು ರಸ್ತೆ, ಕರೆಂಟು, ಆಸ್ಪತ್ರೆ ಕೊಡಿ, ಆಮೇಲೆ ಹನಿಯ ಮಾತು. 2009ರಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕುಗಳನ್ನು ಆರಿಸಿ ಶೌಚ, ಭೇದಿಯ ಚಿಕಿತ್ಸೆ, ಎದೆಹಾಲು, ಇತರ ಲಸಿಕೆಗಳನ್ನು ಒಟ್ಟಿಗೆ ಕೊಡತೊಡಗಿದ್ದು ಇದಕ್ಕೆ ಉತ್ತರವಾಗಿ. ಜೀವಶಾಸ್ತ್ರದ ತೊಡಕೂ ಇತ್ತು. ಉತ್ತರ ಪ್ರದೇಶದಲ್ಲಿ ಹಳೆಯ ಮೂರು ಬಗೆಯ ಹನಿಯ ಒಂದು ಡೋಸು ಟೈಪ್ 1 ವೈರಸ್ಸಿನಿಂದ ರಕ್ಷಣೆ ಕೊಡುತ್ತಿದ್ದುದು ಶೇ. 9ರಷ್ಟು ಮಾತ್ರವೆಂದು 2006ರ ಅಧ್ಯಯನ ತೋರಿಸಿತು. ಅಂದರೆ ಹಲವು ಬಾರಿ ಹನಿ ಹಾಕಿಸಿದ ತಾಯಿಯ ಮಗುವಿಗೂ ಪೋಲಿಯೊ ಬರುತ್ತಿತ್ತು. ಅವಳ ಅನುಮಾನಕ್ಕೆ ಅನುಭವದ ಆಧಾರವಿತ್ತು. 2010ರ ಜನವರಿಯಲ್ಲಿ ಎರಡು ಬಗೆಯ ಹೊಸ ಹನಿ ಬಂತು. 2009ರಲ್ಲಿ 741 ಇದ್ದ ಪ್ರಕರಣ 2010ರಲ್ಲಿ 42ಕ್ಕೆ ಇಳಿಯಿತು. ಗೆದ್ದದ್ದು ಮಸೀದಿಯ ಮೈಕೋ, ಓಣಿಯ ಕಾರ್ಯಕರ್ತೆಯೋ, ಹೊಸ ಹನಿಯೋ? ಎಲ್ಲವೂ ಒಟ್ಟಿಗೆ ಬಂದದ್ದರಿಂದ ಬಿಡಿಸಿ ಹೇಳುವುದು ಕಷ್ಟ.

ಎದುರು ಪಕ್ಷಕ್ಕೂ ಸಂಸ್ಕೃತಿ ಗೊತ್ತು

ಐದೂ ಪಂಥಗಳು ತಡವಾಗಿ ಗಮನಿಸಿದ ಸಂಗತಿಯೊಂದಿದೆ. ಲಸಿಕೆ ವಿರೋಧಿಗಳೂ ಸಂಸ್ಕೃತಿಗೆ ಹೊಂದಿಸಿಯೇ ಮಾತಾಡುತ್ತಾರೆ, ಎಷ್ಟೋ ಸಲ ಸರ್ಕಾರಕ್ಕಿಂತ ಚೆನ್ನಾಗಿ. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಲೇಖನದ ಕರ್ತೃ ಆಂಡ್ರ್ಯೂ ವೇಕ್‌ಫೀಲ್ಡ್ ಮಿನಿಯಾಪೊಲಿಸ್‌ಗೆ ಹೋಗಿ ಸೊಮಾಲಿ ಪೋಷಕರನ್ನು ಖುದ್ದಾಗಿ ಕಂಡರು. ತಮ್ಮ ಮಕ್ಕಳಲ್ಲಿ ಆಟಿಸಂ ಏಕೆ ಇಷ್ಟೊಂದು ಕಾಣುತ್ತಿದೆ ಎಂಬ ಆ ತಾಯ್ತಂದೆಯರ ಪ್ರಶ್ನೆಗೆ ವೈದ್ಯಲೋಕ ಮನಸ್ಸಿಗೆ ಹಿಡಿಸುವ ಉತ್ತರ ಕೊಟ್ಟಿರಲಿಲ್ಲ. ಆ ಖಾಲಿ ಜಾಗದಲ್ಲಿ ಸುಳ್ಳು ಬಂದು ಕುಳಿತಿತು. 2017ರಲ್ಲಿ ದಡಾರ ಹಬ್ಬಿ ಮಿನ್ನೆಸೋಟದಲ್ಲಿ 75 ಮಂದಿಗೆ ತಗುಲಿತು. ಆಗ ಸೊಮಾಲಿ ಭಾಷಿಕ ಆರೋಗ್ಯ ಕಾರ್ಯಕರ್ತರು, ಇಮಾಮರು, ತಾಯಂದಿರ ಗುಂಪುಗಳು ಎಲ್ಲವೂ ಕಣಕ್ಕಿಳಿದವು. ಆದರೂ 2022 ಮತ್ತು 2024ರಲ್ಲಿ ದಡಾರ ಮರಳಿತು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯಹೂದಿ ಓಣಿಗಳಲ್ಲಿ ಲಸಿಕೆ ವಿರೋಧಿ ಕೈಪಿಡಿಯೊಂದು ಆ ಸಮುದಾಯದ ಧಾರ್ಮಿಕ ಭಾಷೆಯಲ್ಲೇ, ತಾಯ್ತಂದೆಯರ ಹೊಣೆಯ ಹೆಸರಿನಲ್ಲಿ ಹರಡಿತು. 2018-19ರಲ್ಲಿ ನಗರದಲ್ಲಿ 649 ದಡಾರ ಪ್ರಕರಣಗಳಾದವು. ಸಮುದಾಯದ್ದೇ ದಾದಿಯರು ಗುಂಪು ಕಟ್ಟಿಕೊಂಡು ಆ ಕೈಪಿಡಿಗೆ ಅದರದ್ದೇ ಧಾಟಿಯಲ್ಲಿ ಉತ್ತರ ಬರೆದು ಹಂಚಿದರು. ಇದು ಮಾದರಿ ಕೆಲಸವೆಂದು ಪ್ರಶಂಸೆ ಪಡೆದಿದೆ. ಆದರೆ 2019ರ ಏಪ್ರಿಲ್‌ನಲ್ಲಿ ನಗರಾಡಳಿತ ದಂಡದ ಬೆದರಿಕೆಯೊಡನೆ ಲಸಿಕೆ ಕಡ್ಡಾಯ ಮಾಡಿತು. ಜೂನ್‌ನಲ್ಲಿ ರಾಜ್ಯ ಧಾರ್ಮಿಕ ವಿನಾಯಿತಿಯನ್ನೇ ತೆಗೆದುಹಾಕಿತು. ಮನವೊಲಿಕೆ ಗೆದ್ದಿತೋ ಕಾನೂನು ಗೆದ್ದಿತೋ ಎಂಬ ಗೊಂದಲ ಇಲ್ಲೂ ಉಳಿಯಿತು.

ಲಸಿಕೆ ವಿರೋಧಿ ಮಾತು ಜನರ ಧಾಟಿಯಲ್ಲೇ ಹರಡುವುದನ್ನು ಕರ್ನಾಟಕವೂ ಕಂಡಿದೆ. ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ಚಾಲನೆ ಪಡೆಯಿತು. ಸರ್ಕಾರದ ಜಾಹೀರಾತು ಗೋಡೆ, ಪತ್ರಿಕೆಗಳಲ್ಲಿತ್ತು. ಲಸಿಕೆಯ ವಿರುದ್ಧದ ವದಂತಿ ವಾಟ್ಸ್ಆ್ಯಪ್‌ನಲ್ಲಿ, ಸ್ನೇಹಿತರು ಕಳಿಸಿದ ಮಾತಾಗಿ, ಆಡುನುಡಿಯಲ್ಲಿ ಬಂತು.

ಗುರಿಯಿಟ್ಟು ಮಾತಾಡುವುದರ ಅಪಾಯ

ಒಂದು ಸಮುದಾಯಕ್ಕೆಂದೇ ಜಾಹೀರಾತು ಮಾಡಿದರೆ ಆ ಸಮುದಾಯವೇ ಸಮಸ್ಯೆಯೆಂದು ಉಳಿದವರಿಗೆ ಸಾರಿದಂತಾಗದೇ? 2020ರಲ್ಲಿ ತಬ್ಲೀಗಿ ಜಮಾತ್ ಸಮಾವೇಶದ ನಂತರ ಕೊರೊನಾ ಹರಡಿದ ಕಳಂಕವನ್ನು ಇಡೀ ಮುಸ್ಲಿಂ ಸಮುದಾಯದ ತಲೆಗೆ ಕಟ್ಟಿದ್ದನ್ನು ಕಂಡವರಿಗೆ ಈ ಪ್ರಶ್ನೆ ಬರಿಯ ಪುಸ್ತಕದ ಮಾತಲ್ಲ. ರೋಗದ ಜೊತೆ ಒಂದು ಧರ್ಮದ ಹೆಸರು ಸೇರಿದರೆ ಅದನ್ನು ಬಿಡಿಸುವುದು ಕಷ್ಟ.

ಹಿಂಜರಿಕೆ ಅಲ್ಪಸಂಖ್ಯಾತರ ಸ್ವಭಾವವೆಂಬ ಊಹೆಯನ್ನು ಅಂಕಿಅಂಶ ಒಪ್ಪುವುದಿಲ್ಲ. ಅಮೆರಿಕದಲ್ಲಿ 2020ರ ಕೊನೆಯಲ್ಲಿ ಕೊರೊನಾ ಲಸಿಕೆ ಬೇಡವೆನ್ನುವವರಲ್ಲಿ ಕಪ್ಪು ಜನರ ಪ್ರಮಾಣ ಹೆಚ್ಚಿತ್ತು. ಒಂದೆರಡು ವರ್ಷದಲ್ಲಿ ಆ ಅಂತರ ಬಹುಮಟ್ಟಿಗೆ ಮುಚ್ಚಿತು. ಉಳಿದ ದೊಡ್ಡ ಬಿರುಕು ರಾಜಕೀಯ ಪಕ್ಷಗಳ ನಡುವಿನದು. ಕಪ್ಪು ವೈದ್ಯರು ಜನರ ಪ್ರಶ್ನೆಗಳಿಗೆ ನೇರ ಉತ್ತರ ಕೊಟ್ಟ ವಿಡಿಯೊ ಸರಣಿಗಳು, ಚರ್ಚುಗಳ ಶಿಬಿರಗಳು, ಕ್ಷೌರದಂಗಡಿಯ ಮಾತುಕತೆಗಳು ಈ ಬದಲಾವಣೆಯ ಹೊತ್ತಿಗೆ ನಡೆದವು. ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದ ನಟರು ಸೇರಿ ಮಾಡಿದ ವಿಡಿಯೊ 2021ರ ಜನವರಿಯಲ್ಲಿ ಹರಿದಾಡಿತು. ಅದೇ ತಿಂಗಳು ಬರ್ಮಿಂಗ್‌ಹ್ಯಾಮಿನ ಮಸೀದಿಯೊಂದು ಲಸಿಕೆ ಕೇಂದ್ರವಾಯಿತು. ಮಾತೂ ಜಾಗವೂ ಒಂದೆಡೆ ಸೇರಿದ ಉದಾಹರಣೆ ಇದು.

ತೀರ್ಮಾನವಾಗದೆ ಉಳಿದದ್ದು

ಪಂಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಟ್ಟಿನ ಒಮ್ಮತ ಕಾಣುತ್ತದೆ. ಜಾಹೀರಾತು ನಂಬಿಕೆಯನ್ನು ಹುಟ್ಟಿಸುವುದಿಲ್ಲ. ಇರುವ ನಂಬಿಕೆಯನ್ನು ಸಾಲ ಪಡೆದು ಬಳಸುತ್ತದೆ. ಸಾಲ ಕೊಡುವವರು ಓಣಿಯ ಕಾರ್ಯಕರ್ತೆ, ವೈದ್ಯ, ಧರ್ಮಗುರು, ಹಿರಿಯರು. ಆ ಸಾಲಕ್ಕೆ ತಕ್ಕ ಸೇವೆ ಹಿಂದೆಯೇ ಬಾರದಿದ್ದರೆ ಮುಂದಿನ ಸಲ ಸಾಲ ಹುಟ್ಟುವುದಿಲ್ಲ. ಉತ್ತರ ಪ್ರದೇಶ, ಕಾನೋ, ಬರ್ಮಿಂಗ್‌ಹ್ಯಾಮ್ ಮೂರೂ ಕಡೆ ಸಂದೇಶದ ಜೊತೆ ಇನ್ನೇನೋ ಬದಲಾಗಿತ್ತು.

ಅದರಾಚೆ ಹಲವು ಪ್ರಶ್ನೆಗಳು ತೆರೆದೇ ಇವೆ. ಮೊದಲನೆಯದು ಅಳತೆಯದು. ದೊಡ್ಡ ಆಂದೋಲನಗಳಲ್ಲಿ ಜಾಹೀರಾತು, ಮನೆಭೇಟಿ, ಹೊಸ ಲಸಿಕೆ, ಕಾನೂನು ಎಲ್ಲವೂ ಒಟ್ಟಿಗೆ ಬರುತ್ತವೆ; ಬಿಡಿಯಾಗಿ ಪರೀಕ್ಷಿಸಿದ ಪ್ರಯೋಗಗಳು ಹೆಚ್ಚಾಗಿ ಅಳೆಯುವುದು ತಿಳಿವಳಿಕೆ ಮತ್ತು ಇಚ್ಛೆಯನ್ನು, ಚುಚ್ಚಿಸಿಕೊಂಡ ತೋಳನ್ನಲ್ಲ. ಎರಡನೆಯದು ಬಾಳಿಕೆಯದು. ಮಿನ್ನೆಸೋಟದಲ್ಲಿ ಎಲ್ಲ ಸರಿಯಾದ ಕ್ರಮಗಳ ನಂತರವೂ ದಡಾರ ಏಕೆ ಮರಳಿತು? ಒಮ್ಮೆ ಗಳಿಸಿದ ವಿಶ್ವಾಸ ಎಷ್ಟು ಕಾಲ ನಿಲ್ಲುತ್ತದೆ, ಆಂದೋಲನದ ಹಣ ನಿಂತ ಮೇಲೆ ಅದನ್ನು ಯಾರು ಕಾಯುತ್ತಾರೆ? ಮೂರನೆಯದು ಪ್ರಾತಿನಿಧ್ಯದ್ದು: ಒಂದು ಸಮುದಾಯದೊಳಗೂ ಭಾಷೆ, ಪಂಗಡ, ಲಿಂಗ, ತಲೆಮಾರಿನ ಭೇದಗಳಿರುವಾಗ ಯಾವ ದನಿ ಅದರದ್ದೆಂದು ಆರೋಗ್ಯ ಇಲಾಖೆ ತೀರ್ಮಾನಿಸುವುದು ಹೇಗೆ? ನಾಲ್ಕನೆಯದು ಹಿಂದಿನ ಅನ್ಯಾಯವನ್ನು ಜಾಹೀರಾತಿನಲ್ಲೇ ಒಪ್ಪಿಕೊಳ್ಳುವುದರದು. ಅದು ಮನಸ್ಸನ್ನು ಮೆದುವಾಗಿಸುತ್ತದೆಯೋ, ಮರೆತಿದ್ದ ಭಯವನ್ನು ಎಬ್ಬಿಸುತ್ತದೆಯೋ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ.

ಕೊನೆಯದು, ಬಹುಶಃ ಅತಿ ಕಠಿಣವಾದದ್ದು. ಸಂಸ್ಕೃತಿಯನ್ನು ಕೇಳಿಸಿಕೊಂಡು ಮಾತಾಡುವುದು ನಿಜವಾದರೆ, ಜನ ಎಲ್ಲವನ್ನೂ ಕೇಳಿ, ಪ್ರಶ್ನಿಸಿ, ಕೊನೆಗೆ ಬೇಡವೆನ್ನುವ ಸಾಧ್ಯತೆಯನ್ನೂ ಒಪ್ಪಬೇಕಾಗುತ್ತದೆ. ದಡಾರದಂಥ ಸೋಂಕು ಆ ಬೇಡಕ್ಕೆ ಕಾಯುವುದಿಲ್ಲ. ಅದರ ಬೆಲೆಯನ್ನು ಲಸಿಕೆಯ ವಯಸ್ಸಿಗೆ ಬಾರದ ಪಕ್ಕದ ಮನೆಯ ಕೂಸು ತೆರಬೇಕಾದೀತು. ಉತ್ತರ ಮೊದಲೇ ಗೊತ್ತಿರುವ ಸರ್ಕಾರ ಪ್ರಾಮಾಣಿಕವಾಗಿ ಸಂವಾದ ನಡೆಸಬಲ್ಲದೇ ಎಂಬ ಪ್ರಶ್ನೆಗೆ ಸಂವಹನ ಶಾಸ್ತ್ರವೂ ಕಾನೂನೂ ಈವರೆಗೆ ಒಪ್ಪುವಂಥ ಉತ್ತರ ಕೊಟ್ಟಿಲ್ಲ.